ಎರೇಷರ್: ಮುಚ್ಚಿಡದೆ ಹಾಡಿದವನು, ಪಕ್ಕದಲ್ಲಿ ಸುಮ್ಮನೆ ನಿಂತವನು

55, 100, 85. ಬ್ರಿಟನ್ನಿನ ಎರೇಷರ್ ಎಂಬ ಪಾಪ್ ಸಂಗೀತ ಜೋಡಿಯ ಮೊದಲ ಮೂರು ಹಾಡುಗಳು ಅಲ್ಲಿನ ಸಿಂಗಲ್ಸ್ ಚಾರ್ಟಿನಲ್ಲಿ, ಅಂದರೆ ಬಿಡಿ ಹಾಡುಗಳ ಮಾರಾಟದ ಪಟ್ಟಿಯಲ್ಲಿ, ಮುಟ್ಟಿದ ಸ್ಥಾನಗಳಿವು. 1985ರಲ್ಲಿ ಬಂದ ಮೊದಲ ಹಾಡು 55ಕ್ಕೆ ನಿಂತಿತು. ಎರಡನೆಯದು 100ರ ಅಂಚಿನಲ್ಲಿ ಹೇಗೋ ಉಳಿಯಿತು. ಮೂರನೆಯದು 85. ಆಮೇಲೆ ಬಂದ ಮೊದಲ ಆಲ್ಬಮ್ 71ನೇ ಸ್ಥಾನ ದಾಟಲಿಲ್ಲ.

1986ರ ಅಕ್ಟೋಬರಿನಲ್ಲಿ ನಾಲ್ಕನೇ ಹಾಡು ಬಂತು. ಅದು ಮೇಲೇರಿ 2ನೇ ಸ್ಥಾನ ತಲುಪಿತು. ಅಲ್ಲಿಂದ ಮುಂದೆ 1988 ಮತ್ತು 1994ರ ನಡುವೆ ಅವರ ಐದು ಆಲ್ಬಮ್‌ಗಳು ಒಂದರ ಹಿಂದೆ ಒಂದರಂತೆ ಬ್ರಿಟನ್ನಿನಲ್ಲಿ 1ನೇ ಸ್ಥಾನ ಪಡೆದವು.

ಅದೇ ಇಬ್ಬರು, ಅದೇ ಕಂಪನಿ, ಅದೇ ಬಗೆಯ ವಾದ್ಯಗಳು. ಹಾಗಾದರೆ ನಡುವೆ ಏನು ಬದಲಾಯಿತು? ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಹಾಡುಗಾರ ಆಂಡಿ ಬೆಲ್ ತಾನು ಸಲಿಂಗಿ ಎಂದು ಮೊದಲಿನಿಂದಲೂ ಬಹಿರಂಗವಾಗಿ ಹೇಳಿಕೊಂಡಿದ್ದ. ಬ್ರಿಟನ್ನಿನಲ್ಲಿ ಹಾಗೆ ಹೇಳಿಕೊಳ್ಳೋಕೆ ಆ ಹತ್ತು ವರ್ಷ ತುಂಬಾ ಕೆಟ್ಟ ಕಾಲ. ಈ ಪ್ರಕರಣ ನನ್ನನ್ನು ಹಿಡಿದಿಟ್ಟಿದ್ದು ಆ ಕಾರಣಕ್ಕೇ.

ಜಾಹೀರಾತು ಕೊಟ್ಟವನು

ಜೋಡಿಯ ಇನ್ನೊಬ್ಬ, ವಿನ್ಸ್ ಕ್ಲಾರ್ಕ್, ಎಸೆಕ್ಸ್ ಜಿಲ್ಲೆಯ ಬ್ಯಾಸಿಲ್ಡನ್ ಊರಿನಲ್ಲಿ ಬೆಳೆದವನು. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಜನರಿಗೆಂದು ಸರ್ಕಾರ ಕಟ್ಟಿಸಿದ ಹೊಸ ಪಟ್ಟಣ ಅದು. ಅಲ್ಲಿನ ಗೆಳೆಯರ ಜೊತೆ ಸೇರಿ ಡಿಪೆಷ್ ಮೋಡ್ ಬ್ಯಾಂಡ್ ಶುರು ಮಾಡಿದ. 1981ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹಾಡುಗಳಲ್ಲಿ ಹೆಚ್ಚಿನವು ಅವನವೇ. 'ಜಸ್ಟ್ ಕಾಂಟ್ ಗೆಟ್ ಇನಫ್' ಕೂಡ ಅವನದೇ. ಆಲ್ಬಮ್ ಗೆದ್ದಿತು, ಅವನು ಬ್ಯಾಂಡ್ ಬಿಟ್ಟ. ಸಂದರ್ಶನ, ಫೋಟೊ, ಓಡಾಟ ಯಾವುದೂ ಅವನ ಸ್ವಭಾವಕ್ಕೆ ಹೊಂದುತ್ತಿರಲಿಲ್ಲ.

1982ರಲ್ಲಿ ಅಲಿಸನ್ ಮೊಯೆ ಎಂಬ ಗಟ್ಟಿ ಕಂಠದ ಗಾಯಕಿಯ ಜೊತೆ ಯಾಜೂ ಎಂಬ ಜೋಡಿ ಆಯಿತು. 'ಓನ್ಲಿ ಯು' 2ನೇ ಸ್ಥಾನಕ್ಕೆ, 'ಡೋಂಟ್ ಗೋ' 3ನೇ ಸ್ಥಾನಕ್ಕೆ. ಎರಡೇ ಆಲ್ಬಮ್, ಮುರಿದುಬಿತ್ತು. 1983ರಲ್ಲಿ ದಿ ಅಸೆಂಬ್ಲಿ ಎಂಬ ಹೆಸರಿನಲ್ಲಿ ಒಂದೇ ಒಂದು ಹಾಡು ಮಾಡಿದ. ಅದೂ 4ನೇ ಸ್ಥಾನ ಮುಟ್ಟಿತು.

ಮೂರು ವರ್ಷದಲ್ಲಿ ಮೂರು ತಂಡ, ಮೂರರಲ್ಲೂ ಗೆಲುವು. ಆದರೆ ಯಾರ ಜೊತೆಯೂ ಅವನು ನಿಂತಿರಲಿಲ್ಲ. ಅವನಿಗೆ ಹಾಡು ಕಟ್ಟಲು ಬರುತ್ತಿತ್ತು, ಹಾಡಲು ಮನಸ್ಸಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಬೇರೊಂದು ಕಂಠ ಹುಡುಕಬೇಕಿತ್ತು. 1985ರಲ್ಲಿ ಲಂಡನ್ನಿನ ಸಂಗೀತ ಪತ್ರಿಕೆ ಮೆಲೊಡಿ ಮೇಕರ್‌ನಲ್ಲಿ ಗಾಯಕ ಬೇಕಾಗಿದ್ದಾನೆ ಎಂದು ಜಾಹೀರಾತು ಕೊಟ್ಟ.

ಉತ್ತರ ಕೊಟ್ಟವನು

ಆಂಡಿ ಬೆಲ್ ಲಂಡನ್ನಿನ ಉತ್ತರಕ್ಕಿರುವ ಪೀಟರ್‌ಬರೋದವನು. ಚಿಕ್ಕಂದಿನಲ್ಲಿ ಸಾಮೂಹಿಕ ಗಾಯನದ ತಂಡದಲ್ಲಿ ಹಾಡಿದ್ದ. ಯಾಜೂ ಅಂದರೆ ಅವನಿಗೆ ಪ್ರಾಣ, ಅಲಿಸನ್ ಮೊಯೆ ಅಂದರೆ ಇನ್ನೂ ಜಾಸ್ತಿ. ಆ ಹಾಡುಗಳನ್ನು ಕಟ್ಟಿದ ಮನುಷ್ಯನ ಎದುರೇ ಹಾಡಿ ತೋರಿಸುವ ಅವಕಾಶ ಬಂದಾಗ ಹೇಗನ್ನಿಸಿರಬೇಕು! ಹತ್ತಾರು ಜನ ಬಂದು ಹಾಡಿ ಹೋಗಿದ್ದರು. ಆಯ್ಕೆಯಾದವನು ಇವನು.

ಇಲ್ಲೊಂದು ದಿನಾಂಕ ಗಮನಿಸಿ. ಬೆಲ್ ಹುಟ್ಟಿದ್ದು 1964ರ ಏಪ್ರಿಲ್ 25ಕ್ಕೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗಂಡಸರ ನಡುವಿನ ಪ್ರೀತಿ ಅಪರಾಧ ಅಲ್ಲ ಅಂತ ಆಗಿದ್ದು 1967ರಲ್ಲಿ. ಅದೂ ಅರ್ಧಂಬರ್ಧ: ಇಬ್ಬರಿಗೂ 21 ತುಂಬಿರಬೇಕು, ಎಲ್ಲವೂ ನಾಲ್ಕು ಗೋಡೆಯ ಒಳಗೆ ಇರಬೇಕು. ಗಂಡು ಹೆಣ್ಣಿನ ವಿಷಯದಲ್ಲಿ ಆ ವಯಸ್ಸು 16. ಅಂದರೆ ಬೆಲ್‌ಗೆ 21 ತುಂಬಿದ್ದು 1985ರ ಏಪ್ರಿಲ್‌ನಲ್ಲಿ, ಎರೇಷರ್ ಹುಟ್ಟಿದ ವರ್ಷವೇ. ಅಲ್ಲಿಯವರೆಗೆ ಅವನು ಯಾರನ್ನು ಪ್ರೀತಿಸಿದ್ದರೂ ಕಾನೂನಿನ ಕಣ್ಣಿಗೆ ಅದು ಅಪರಾಧವೇ ಆಗುತ್ತಿತ್ತು. ಇದನ್ನು ಲೆಕ್ಕ ಹಾಕಿ ನೋಡಿದಾಗ ನನಗೆ ಸ್ವಲ್ಪ ಹೊತ್ತು ಮುಂದೆ ಬರೆಯಲಾಗಲಿಲ್ಲ.

ನಮಗೂ ಈ ಕಾನೂನು ದೂರದ್ದಲ್ಲ. 377ನೇ ಸೆಕ್ಷನ್ನನ್ನು 1860ರ ದಂಡ ಸಂಹಿತೆಯಲ್ಲಿ ಬರೆದಿಟ್ಟು ಹೋದವರು ಇದೇ ಬ್ರಿಟಿಷರು. ಅವರು ತಮ್ಮ ಮನೆಯಲ್ಲಿ 1967ರಲ್ಲಿ ಸಡಿಲಿಸಿದ್ದನ್ನು ನಮ್ಮ ಸುಪ್ರೀಂ ಕೋರ್ಟ್ ಇಲ್ಲಿ ಸಡಿಲಿಸಿದ್ದು 2018ರ ಸೆಪ್ಟೆಂಬರ್ 6ಕ್ಕೆ.

ಮೊದಲ ಸೋಲು ಯಾಕೆ?

ಸುಲಭದ ಉತ್ತರ ಒಂದಿದೆ. ಸಲಿಂಗಿ ಹಾಡುಗಾರನನ್ನು ಜನ ಒಪ್ಪಲಿಲ್ಲ, ಅದಕ್ಕೇ ಸೋತರು ಅನ್ನೋದು. ಇದು ನಿಲ್ಲುವ ಮಾತಲ್ಲ. 1984ರಲ್ಲಿ ಬ್ರಾನ್ಸ್ಕಿ ಬೀಟ್ ತಂಡದ ಜಿಮ್ಮಿ ಸಮರ್ವಿಲ್, ಸಣ್ಣ ಊರಿನಿಂದ ಓಡಿಹೋಗುವ ಸಲಿಂಗಿ ಹುಡುಗನ ಕಥೆಯನ್ನೇ ಹಾಡಿ 3ನೇ ಸ್ಥಾನ ಪಡೆದಿದ್ದ. ಅದೇ ವರ್ಷ ಫ್ರಾಂಕಿ ಗೋಸ್ ಟು ಹಾಲಿವುಡ್ ತಂಡದ ಹಾಡನ್ನು ಬಿಬಿಸಿ ನಿಷೇಧಿಸಿತು. ಅದು ಐದು ವಾರ 1ನೇ ಸ್ಥಾನದಲ್ಲಿ ಕೂತಿತ್ತು. ಎರೇಷರ್ ಬರುವ ಹೊತ್ತಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಹಾಡು ಚೆನ್ನಾಗಿರಲಿಲ್ಲವಾ? ಅದೂ ಅಲ್ಲ. 85ಕ್ಕೆ ನಿಂತ ಮೂರನೇ ಹಾಡು 'ಓ ಲಾಮೂರ್'. ಅದನ್ನೇ ಡಾಲರ್ ಎಂಬ ಇನ್ನೊಂದು ಜೋಡಿ, ಒಬ್ಬ ಗಂಡು ಒಬ್ಬ ಹೆಣ್ಣು, ಮತ್ತೆ ಹಾಡಿದರು. 1988ರ ಆರಂಭದಲ್ಲಿ ಅದು 7ನೇ ಸ್ಥಾನಕ್ಕೆ ಹೋಯಿತು. ಹಾಡಿನಲ್ಲಿ ದಮ್ಮಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನನ್ನ ಮಟ್ಟಿಗೆ ಕಾರಣ ಮೊದಲ ಆಲ್ಬಮ್ ಕೇಳಿದರೆ ಸಿಗುತ್ತದೆ. ಬೆಲ್ ಅಲ್ಲಿ ಮೊಯೆಯ ನೆರಳಿನಲ್ಲಿ ಹಾಡುತ್ತಾನೆ. ಅವಳ ಹಾಗೇ ಕೆಳಗಿನ ಸ್ಥಾಯಿಯಲ್ಲಿ ತುಂಬಿ ಹಾಡುವುದು, ಅವಳ ಹಾಗೇ ಸಾಲಿನ ಕೊನೆಯನ್ನು ಒತ್ತಿ ಬಿಡುವುದು. ಆಗಿನ ವಿಮರ್ಶಕರೂ ಇದನ್ನೇ ಆಡಿದರು: ಯಾಜೂ ಮುಗಿಯಿತು, ಇದು ಅದರ ನಕಲು. ತಪ್ಪು ಬೆಲ್ ಒಬ್ಬನದಲ್ಲ. ಮೊದಲ ಸಿಂಗಲ್ಲೂ ಸೇರಿ ಆ ಆಲ್ಬಮ್ಮಿನ ಹಲವು ಹಾಡುಗಳನ್ನು ಕ್ಲಾರ್ಕ್ ಒಬ್ಬನೇ ಬರೆದಿದ್ದ. ಇನ್ನೊಬ್ಬರ ಅಳತೆಗೆ ಹೊಲಿದ ಬಟ್ಟೆ ಹಾಕಿಕೊಂಡು ಬಂದ ಹುಡುಗ ಅವನು. ತಾನು ಯಾರೆಂದು ಪತ್ರಿಕೆಯವರಿಗೆ ಧೈರ್ಯವಾಗಿ ಹೇಳುತ್ತಿದ್ದ, ಆದರೆ ಅವನು ಯಾರೆಂದು ಹಾಡಿಗೆ ಇನ್ನೂ ಗೊತ್ತಿರಲಿಲ್ಲ.

ಕಂಪನಿ ಕೈಬಿಡಲಿಲ್ಲ

ಮೂರು ಸಿಂಗಲ್, ಒಂದು ಆಲ್ಬಮ್ ಸೋತರೆ ದೊಡ್ಡ ರೆಕಾರ್ಡ್ ಕಂಪನಿಗಳು ಕೈತೊಳೆದುಕೊಳ್ಳುವುದೇ ಹೆಚ್ಚು. ಎರೇಷರ್ ಇದ್ದದ್ದು ಮ್ಯೂಟ್ ರೆಕಾರ್ಡ್ಸ್‌ನಲ್ಲಿ. ಡೇನಿಯಲ್ ಮಿಲ್ಲರ್ 1978ರಲ್ಲಿ ತನ್ನದೇ ಒಂದು ಸಿಂಗಲ್ ಹೊರತರಲು ಶುರು ಮಾಡಿದ ಕಂಪನಿ ಅದು. ಡಿಪೆಷ್ ಮೋಡ್ ಜೊತೆ ಅವನು ಮಾಡಿಕೊಂಡ ಒಪ್ಪಂದ ಬಾಯಿಮಾತಿನದ್ದು, ಒಂದು ಕೈಕುಲುಕು ಅಷ್ಟೇ. ಲಾಭ ಬಂದರೆ ಅರ್ಧ ಅರ್ಧ. ಕ್ಲಾರ್ಕ್ ತಂಡದ ಮೇಲೆ ತಂಡ ಬಿಟ್ಟರೂ ಮಿಲ್ಲರ್ ಬೇಸರ ಮಾಡಿಕೊಳ್ಳದೆ ಅವನ ಹೊಸ ಕೆಲಸವನ್ನು ಹೊರತರುತ್ತಲೇ ಇದ್ದ. ಎರಡನೇ ಆಲ್ಬಮ್ಮಿಗೆ ಅವಕಾಶ ಸಿಕ್ಕಿದ್ದು ಈ ನಂಬಿಕೆಯಿಂದ.

ಆ ಸಮಯದಲ್ಲಿ ಇಬ್ಬರೂ ಊರೂರು ಸುತ್ತಿ ಕಾಲೇಜುಗಳಲ್ಲಿ, ಕ್ಲಬ್ಬುಗಳಲ್ಲಿ ಹಾಡಿದರು. ರೇಡಿಯೊ ಕೈಹಿಡಿಯದಿದ್ದರೂ ಎದುರಿಗೆ ನಿಂತು ಕೇಳಿದವರು ಮರೆಯಲಿಲ್ಲ. ವೇದಿಕೆಯ ಮೇಲೆ ಬೆಲ್ ಮೈಗೆ ಅಂಟುವ ಮಿರಿಮಿರಿ ಬಟ್ಟೆ ತೊಟ್ಟು ಕುಣಿಯುತ್ತಿದ್ದ, ನಗುತ್ತಿದ್ದ, ಜನರನ್ನು ಮಾತಾಡಿಸುತ್ತಿದ್ದ. ಕ್ಲಾರ್ಕ್ ಹಿಂದೆ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರಗಳ ಮಧ್ಯೆ ಮುಖದಲ್ಲಿ ಗೆರೆಯೂ ಕದಲದೆ ನಿಂತಿರುತ್ತಿದ್ದ.

ಈ ನಿಲುವು ಮೇಲ್ನೋಟಕ್ಕೆ ಸಣ್ಣದು ಅನ್ನಿಸಬಹುದು. ಕ್ಲಾರ್ಕ್ ಸಲಿಂಗಿ ಅಲ್ಲ. ಅಷ್ಟು ಹೊತ್ತಿಗೆ ಹೆಸರು ಮಾಡಿದ್ದವನು. ತನ್ನ ಹೊಸ ಗಾಯಕನಿಗೆ ಸ್ವಲ್ಪ ಅಡಗಿಸಿಕೊಂಡು ಇರು, ರೇಡಿಯೊದವರು ಏನಂದುಕೊಂಡಾರು ಎಂದು ಅವನು ಹೇಳಬಹುದಿತ್ತು. ಆಗ ಹಾಗೆ ಹೇಳುವವರೇ ಜಾಸ್ತಿ ಇದ್ದರು. ಅವನು ಹೇಳಲಿಲ್ಲ. ಮುಂದಿನ ಜಾಗವನ್ನು ಪೂರ್ತಿ ಬೆಲ್‌ಗೆ ಬಿಟ್ಟು ಹಿಂದೆ ನಿಂತ. ಗದ್ದಲ ಬೇಡ ಅನ್ನುವ ಅವನ ಸ್ವಭಾವಕ್ಕೂ ಎಲ್ಲರ ಎದುರು ಅರಳಬೇಕು ಅನ್ನುವ ಬೆಲ್‌ನ ಸ್ವಭಾವಕ್ಕೂ ಸರಿಯಾದ ಜೋಡಿ ಬಿದ್ದಿತು. ಕ್ಲಾರ್ಕ್ ಪಾಲಿಗೆ ಡಿಪೆಷ್ ಮೋಡ್ ಒಂದು ಆಲ್ಬಮ್ಮಿಗೆ, ಯಾಜೂ ಎರಡಕ್ಕೆ ಮುಗಿದಿದ್ದವು. ಈ ಜೋಡಿ ನಲವತ್ತು ವರ್ಷವಾದರೂ ಒಡೆದಿಲ್ಲ.

ಇಬ್ಬರ ಹೆಸರು

ತಿರುವು ಕಾಣುವುದು ಹಾಡಿನ ಕೆಳಗಿರುವ ಹೆಸರುಗಳಲ್ಲಿ. ಎರಡನೇ ಆಲ್ಬಮ್ 'ದಿ ಸರ್ಕಸ್'ನಿಂದ ಹಾಡುಗಳಿಗೆ 'ಕ್ಲಾರ್ಕ್, ಬೆಲ್' ಎಂದು ಇಬ್ಬರ ಸಹಿ. ಕೆಲಸ ಮಾಡುವ ರೀತಿಯೂ ಸರಳ. ಕ್ಲಾರ್ಕ್ ಗಿಟಾರ್ ಹಿಡಿದು ಕೂರುತ್ತಾನೆ. ಹೌದು, ಸಿಂಥಸೈಜರ್ ಮಾಂತ್ರಿಕ ಅನ್ನಿಸಿಕೊಂಡವನು ಹಾಡು ಕಟ್ಟೋದು ಸಾಮಾನ್ಯ ಗಿಟಾರಿನಲ್ಲಿ. ಬೆಲ್ ಪದ ಇಲ್ಲದೆ ಗುನುಗುತ್ತಾನೆ. ಟೇಪ್ ಓಡುತ್ತಿರುತ್ತದೆ. ಗುನುಗಿದ್ದರಲ್ಲಿ ಒಳ್ಳೆಯದನ್ನು ಹೆಕ್ಕಿ ರಾಗ ಮಾಡುತ್ತಾರೆ, ಆಮೇಲೆ ಮಾತು ಕೂಡಿಸುತ್ತಾರೆ. ಯಂತ್ರಗಳು ಬರುವುದು ಕೊನೆಗೆ.

ಹೀಗೆ ಮಾಡಿದಾಗ ರಾಗ ಹುಟ್ಟುವುದೇ ಹಾಡುವವನ ಗಂಟಲಿನಿಂದ. ಆ ಅಳತೆ ಇನ್ನೊಬ್ಬರದ್ದಾಗಲು ಸಾಧ್ಯವೇ ಇಲ್ಲ. 2ನೇ ಸ್ಥಾನ ತಲುಪಿದ ಆ ನಾಲ್ಕನೇ ಹಾಡು 'ಸಮ್‌ಟೈಮ್ಸ್' ಕೇಳಿ. ಗಿಟಾರಿನ ಚುರುಕು ಬಡಿತ, ನಡುವೆ ಗೈ ಬಾರ್ಕರ್ ಊದಿದ ಟ್ರಂಪೆಟ್, ಮೇಲೆ ಬೆಲ್ ದನಿ. ಮೊಯೆಯ ನೆರಳು ಸರಿದುಹೋಗಿದೆ. ದನಿ ಹಗುರಾಗಿದೆ, ಮೇಲಕ್ಕೆ ಹಾರುತ್ತದೆ.

'ದಿ ಸರ್ಕಸ್' 1987ರಲ್ಲಿ ಬಂದು 6ನೇ ಸ್ಥಾನ ಪಡೆಯಿತು. ಹೆಸರಿನ ಹಾಡು ಕೆಲಸ ಕಳೆದುಕೊಳ್ಳುತ್ತಿದ್ದ ಕಾರ್ಖಾನೆ ಜನರ ಬಗ್ಗೆ. ಪ್ರಧಾನಿ ಥ್ಯಾಚರ್ ಕಾಲದ ಬ್ರಿಟನ್ನಿನಲ್ಲಿ ಅದು ಮನೆಮನೆಯ ಮಾತು. ಅದೇ ಆಲ್ಬಮ್ಮಿನ ಒಳಗೆ 'ಹೈಡ್‌ಅವೇ' ಎಂಬ ಹಾಡಿದೆ. ತಾನು ಏನೆಂದು ಹೆತ್ತವರಿಗೆ ಹೇಳಿಬಿಡಲು ನಿರ್ಧರಿಸಿದ ಹುಡುಗನೊಬ್ಬನ ಕಥೆ. ಹೇಳುತ್ತಾನೆ, ಮನೆಯಲ್ಲಿ ಬಿರುಗಾಳಿ ಏಳುತ್ತದೆ, ಆದರೂ ಹಾಡು ಅವನಿಗೆ ಹೆದರಬೇಡ ಅನ್ನುತ್ತದೆ. ಅದು ಸಿಂಗಲ್ ಆಗಿ ಬರಲಿಲ್ಲ. ಆಲ್ಬಮ್ ಕೊಂಡು ಮನೆಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದ ಹುಡುಗರಿಗೆ ಮಾತ್ರ ಸಿಕ್ಕಿತು. ಅಂಥ ಹುಡುಗರಿಗೆ ಆಗ ಅದು ಎಷ್ಟು ಬೇಕಾಗಿತ್ತು ಎಂದು ಯೋಚಿಸಿದರೆ ಈಗಲೂ ಎದೆ ತುಂಬುತ್ತದೆ.

1988

ಆ ವರ್ಷಗಳ ಬ್ರಿಟನ್ ಹೇಗಿತ್ತು ಎಂದು ಸ್ವಲ್ಪ ನಿಂತು ನೋಡಬೇಕು. ಏಡ್ಸ್ ಭಯ ಎಲ್ಲ ಕಡೆ ಹರಡಿತ್ತು. 1987ರಲ್ಲಿ ಸರ್ಕಾರ ಮನೆಮನೆಗೆ ಎಚ್ಚರಿಕೆಯ ಕರಪತ್ರ ಹಂಚಿತು. ಟಿವಿ ಜಾಹೀರಾತಿನಲ್ಲಿ ಗೋರಿಕಲ್ಲು ಕೆತ್ತುವ ದೃಶ್ಯ ಬರುತ್ತಿತ್ತು. ಅದೇ ವರ್ಷದ ಬ್ರಿಟಿಷ್ ಸಾಮಾಜಿಕ ಧೋರಣೆಗಳ ಸಮೀಕ್ಷೆಯಲ್ಲಿ ಸಲಿಂಗ ಸಂಬಂಧ ಯಾವಾಗಲೂ ತಪ್ಪು ಎಂದವರು ನೂರಕ್ಕೆ 64 ಜನ.

ಮರುವರ್ಷ ಸೆಕ್ಷನ್ 28 ಬಂತು. ಸ್ಥಳೀಯ ಆಡಳಿತಗಳು ಸಲಿಂಗಕಾಮವನ್ನು 'ಪ್ರೋತ್ಸಾಹಿಸುವಂತಿಲ್ಲ', ಶಾಲೆಗಳಲ್ಲಿ ಅದನ್ನೊಂದು ಕುಟುಂಬ ಸಂಬಂಧ ಎಂದು ಒಪ್ಪುವಂತೆ ಕಲಿಸುವುದಕ್ಕೆ ಉತ್ತೇಜನ ಕೊಡುವಂತಿಲ್ಲ ಎಂಬ ಕಾನೂನು. ಮೇಷ್ಟ್ರುಗಳು ಹೆದರಿ ಬಾಯಿ ಮುಚ್ಚಿಕೊಂಡರು. ಅದನ್ನು ವಿರೋಧಿಸುತ್ತಲೇ ನಟ ಇಯಾನ್ ಮೆಕೆಲನ್ ರೇಡಿಯೊದಲ್ಲಿ ತಾನೂ ಸಲಿಂಗಿ ಎಂದು ಮೊದಲ ಸಲ ಹೇಳಿಕೊಂಡ. ಮೇ 23ರ ಸಂಜೆ ಕೆಲವು ಮಹಿಳೆಯರು ಬಿಬಿಸಿಯ ಆರು ಗಂಟೆ ವಾರ್ತೆ ನಡೆಯುತ್ತಿದ್ದಾಗಲೇ ಸ್ಟುಡಿಯೊ ಒಳಗೆ ನುಗ್ಗಿದರು. ಮರುದಿನ ಕಾನೂನು ಜಾರಿಗೆ ಬಂತು.

ಎರೇಷರ್‌ನ ಮೂರನೇ ಆಲ್ಬಮ್ 'ದಿ ಇನೊಸೆಂಟ್ಸ್' ಬಂದಿದ್ದು ಅದಕ್ಕೆ ಸುಮಾರು ಐದು ವಾರ ಮುಂಚೆ, ಏಪ್ರಿಲ್‌ನಲ್ಲಿ. ಅದು 1ನೇ ಸ್ಥಾನ ಪಡೆಯಿತು. ಆ ವರ್ಷದ ಶರತ್ಕಾಲದಲ್ಲಿ ಅದರ ಮೂರನೇ ಸಿಂಗಲ್ 'ಎ ಲಿಟಲ್ ರೆಸ್ಪೆಕ್ಟ್' 4ನೇ ಸ್ಥಾನಕ್ಕೆ ಹೋಯಿತು.

ಈ ಹಾಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ. ನಿರ್ಮಾಪಕ ಸ್ಟೀಫನ್ ಹೇಗ್. ಗಿಟಾರಿನ ಮೀಟು ಮತ್ತು ಸಿಂಥಸೈಜರಿನ ಪುಟ್ಟ ಪುಟ್ಟ ಸ್ವರಗಳು ಒಂದರೊಳಗೊಂದು ಹೆಣೆದುಕೊಂಡು ಓಡುತ್ತವೆ. ಪಲ್ಲವಿಯಲ್ಲಿ ಬೆಲ್ ದನಿ ಇದ್ದಕ್ಕಿದ್ದಂತೆ ಕಳ್ಳದನಿಗೆ, ಅಂದರೆ ಸಹಜ ದನಿಗಿಂತ ಮೇಲಿನ ತೆಳು ದನಿಗೆ, ಜಿಗಿಯುತ್ತದೆ. ಹಾಡಲು ಹೋಗಿ ನೋಡಿ, ಎಲ್ಲರೂ ಅಲ್ಲೇ ಬೀಳುತ್ತೇವೆ. ಮಾತು ಸರಳ: ನನ್ನನ್ನು ಇಷ್ಟು ಕಾಡಿಸುತ್ತೀಯಲ್ಲ, ನನಗೆ ಒಂದಿಷ್ಟು ಮರ್ಯಾದೆ ಕೊಡು ಎಂದು ಪ್ರೇಮಿಯನ್ನು ಕೇಳುವುದು.

ಇಡೀ ಹಾಡು 'ನೀನು' ಎಂದೇ ನಡೆಯುತ್ತದೆ. 'ಅವನು', 'ಅವಳು' ಅನ್ನುವ ಗೊಡವೆ ಇಲ್ಲ. ಕನ್ನಡದಲ್ಲೂ ಹೀಗೇ ಅಲ್ವಾ? 'ಬಂದ' ಅಂದರೆ ಗಂಡು, 'ಬಂದಳು' ಅಂದರೆ ಹೆಣ್ಣು. 'ನೀನು ಬಂದೆ' ಅಂದಾಗ ಮಾತ್ರ ಅದು ಯಾರೂ ಆಗಬಹುದು. ಹಾಡು ಬರೆಯುವ ಎಷ್ಟೋ ಸಲಿಂಗಿಗಳು ಈ 'ನೀನು' ಹಿಂದೆ ಬಚ್ಚಿಟ್ಟುಕೊಂಡಿದ್ದಾರೆ, ಬೇರೆ ದಾರಿ ಇಲ್ಲದೆ. ಅದೇ ಕಾಲದ ಇನ್ನೊಂದು ದೊಡ್ಡ ಸಿಂಥ್ ಜೋಡಿ ಪೆಟ್ ಶಾಪ್ ಬಾಯ್ಸ್‌ನ ನೀಲ್ ಟೆನೆಂಟ್ ತಾನು ಸಲಿಂಗಿ ಎಂದು ಹೇಳಿಕೊಂಡಿದ್ದು 1994ರಲ್ಲಿ. ಅವನನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ಯಾವಾಗ ಹೇಳಬೇಕು ಅನ್ನೋದು ಅವರವರ ಹಕ್ಕು.

ಆದರೆ ಬೆಲ್ 'ನೀನು' ಅಂದಾಗ ಆ ಪದಕ್ಕೆ ಬೇರೆಯದೇ ಕೆಲಸ. ಹಾಡುತ್ತಿರುವವನು ಯಾರು, ಅವನ 'ನೀನು' ಯಾರು ಎಂದು ಕೇಳುವವರಿಗೆ ಗೊತ್ತಿತ್ತು. ಗೊತ್ತಿದ್ದೂ ತಮ್ಮ ತಮ್ಮ 'ನೀನು'ಗಳನ್ನು ಅಲ್ಲಿ ಕೂರಿಸಿಕೊಂಡು ಹಾಡಿದರು. ಶಾಲೆಯಲ್ಲಿ ಮೇಷ್ಟ್ರು ಆಡಲು ಹೆದರುತ್ತಿದ್ದ ಮಾತು ಮನೆಯ ಟಿವಿಯಲ್ಲಿ, ಅಂಗಡಿಯ ರೇಡಿಯೊದಲ್ಲಿ, ಮದುವೆಯ ಕುಣಿತದಲ್ಲಿ ಕೇಳಿಬರುತ್ತಿತ್ತು. ಈ ಗೆಲುವಿನ ಗುಟ್ಟು ನನಗೆ ಕಾಣುವುದು ಇಲ್ಲಿ. ಹಾಡಿನಲ್ಲಿ ಬೆಲ್ ತನ್ನ ವಿಷಯವನ್ನು ಘೋಷಣೆ ಮಾಡಿಕೊಳ್ಳಲಿಲ್ಲ, ಮುಚ್ಚಿಡಲೂ ಇಲ್ಲ. ಮುಚ್ಚಿಡಲು ಹೋಗುವ ಶಕ್ತಿ ಉಳಿದು ಅದೆಲ್ಲ ಹಾಡಿಗೆ ಬಂತು.

ಆಮೇಲೆ

ಅಮೆರಿಕದಲ್ಲಿ ಅದೇ ಆಲ್ಬಮ್ಮಿನ 'ಚೈನ್ಸ್ ಆಫ್ ಲವ್' 12ನೇ ಸ್ಥಾನ, 'ಎ ಲಿಟಲ್ ರೆಸ್ಪೆಕ್ಟ್' 14ನೇ ಸ್ಥಾನ ತಲುಪಿದವು. 1989ರಲ್ಲಿ ಬ್ರಿಟ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಬ್ರಿಟಿಷ್ ತಂಡದ ಗೌರವ ಸಿಕ್ಕಿತು. ಅಷ್ಟಾದರೂ 1ನೇ ಸ್ಥಾನದ ಸಿಂಗಲ್ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು 1992ರಲ್ಲಿ, ಸ್ವೀಡನ್ನಿನ ಅಬ್ಬಾ ತಂಡದ ನಾಲ್ಕು ಹಾಡುಗಳನ್ನು ಮತ್ತೆ ಹಾಡಿದ ಸಣ್ಣ ರೆಕಾರ್ಡಿನಿಂದ. ಐದು ವಾರ ಅದು ಮೇಲೆಯೇ ಕೂತಿತ್ತು. ಅದರಲ್ಲೊಂದು ಹಾಡಿನ ವಿಡಿಯೊದಲ್ಲಿ ಇಬ್ಬರೂ ಅಬ್ಬಾದ ಹೆಣ್ಣುಮಕ್ಕಳ ವೇಷ ಹಾಕಿದ್ದಾರೆ. ಬೆಲ್ ಅಂತೂ ಸರಿ. ಪಕ್ಕದಲ್ಲಿ ಕ್ಲಾರ್ಕ್ ಕೂಡ ಉದ್ದ ಕೂದಲು ಇಟ್ಟು, ಹೆಂಗಸರ ಉಡುಪು ತೊಟ್ಟು, ಗೆಳೆಯನ ಜೊತೆ ಸರಿಸಮ ನಿಂತಿದ್ದಾನೆ. ಹತ್ತು ವರ್ಷದ ಹಿಂದೆ ಫೋಟೊ ತೆಗೆಸಿಕೊಳ್ಳಲು ಹಿಂಜರಿದು ತಂಡ ಬಿಟ್ಟವನು ಇವನೇ. ಆ ವಿಡಿಯೊದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಅವನನ್ನು.

ಅಬ್ಬಾ ಹಾಡುಗಳನ್ನೇ ಹಾಡಿಕೊಂಡಿದ್ದ ಆಸ್ಟ್ರೇಲಿಯಾದ ಬ್ಯೋರ್ನ್ ಅಗೇನ್ ತಂಡ ಅದೇ ವರ್ಷ ಉತ್ತರವಾಗಿ ಎರೇಷರ್ ಹಾಡುಗಳನ್ನು ಅಬ್ಬಾ ಶೈಲಿಯಲ್ಲಿ ಹಾಡಿ ರೆಕಾರ್ಡ್ ಮಾಡಿತು. ಅದರಲ್ಲೂ 'ಎ ಲಿಟಲ್ ರೆಸ್ಪೆಕ್ಟ್' ಇತ್ತು.

2001ರಲ್ಲಿ ಅಮೆರಿಕದ ರಾಕ್ ಬ್ಯಾಂಡ್ ವೀಟಸ್ ಅದೇ ಹಾಡನ್ನು ಗಿಟಾರು, ಡ್ರಮ್ಮುಗಳ ಅಬ್ಬರದಲ್ಲಿ ಮತ್ತೆ ಹಾಡಿತು. ಈ ಸಲ ಬ್ರಿಟನ್ನಿನಲ್ಲಿ ಅದು 3ನೇ ಸ್ಥಾನ ತಲುಪಿತು, ಮೂಲಕ್ಕಿಂತ ಒಂದು ಮೆಟ್ಟಿಲು ಮೇಲೆ. ಈ ಸಲ ಅದನ್ನು ಕೇಳಿದವರು ಎರೇಷರ್ ಹೆಸರೇ ಗೊತ್ತಿಲ್ಲದ, ಶಾಲೆಯ ಬಸ್ಸಿನಲ್ಲಿ ಹಾಡಿಕೊಂಡು ಹೋಗುವ ವಯಸ್ಸಿನ ಹುಡುಗ ಹುಡುಗಿಯರು. ಸ್ಕಾಟ್ಲೆಂಡ್ ಅದಕ್ಕೂ ಒಂದು ವರ್ಷ ಮುಂಚೆಯೇ ಸೆಕ್ಷನ್ 28 ಕಿತ್ತುಹಾಕಿತ್ತು. ಇಂಗ್ಲೆಂಡಿನಲ್ಲಿ, ಆ ಬಸ್ಸುಗಳು ಹೋಗಿ ನಿಲ್ಲುವ ಶಾಲೆಗಳ ಮೇಲೆ, ಅದು ಇನ್ನೂ ಎರಡು ವರ್ಷ ಜಾರಿಯಲ್ಲಿತ್ತು.